ಯಜಮಾನರ ಆದಾಯ ಎಷ್ಟೆಂದೇ ಗೊತ್ತಿಲ್ಲ, ಅವರ ಐಟಿ ರಿಟರ್ನ್ ಸಲ್ಲಿಸುವುದು ಹೇಗೆ?

ಪ್ರಶ್ನೆ: ನಮ್ಮ ಯಜಮಾನರು 2025ರ ಅಕ್ಟೋಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 52 ವರ್ಷ. ಖಾಸಗಿ ಕಂಪನಿಯಲ್ಲಿ ಕೆಲಸ, ಬ್ಯಾಂಕಿನಲ್ಲಿ ಎಫ್‌ಡಿ, ಮೇಲಿನ ಮನೆಯ ಬಾಡಿಗೆ ಇತ್ತು. ಷೇರು ವ್ಯವಹಾರವನ್ನೂ ಮಾಡುತ್ತಿದ್ದರು. ಲೆಕ್ಕವೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು, ನನಗೆ ಸಂಬಳ ಎಷ್ಟೆಂಬುದೂ ಸರಿಯಾಗಿ ಗೊತ್ತಿರಲಿಲ್ಲ. ವಿಲ್ ಬರೆದಿಲ್ಲ. ನನ್ನ ಜೊತೆ ಅತ್ತೆ, 22 ವರ್ಷದ ಮಗಳು, 17 ವರ್ಷದ ಮಗ ಇದ್ದಾರೆ. ಅವರ ಹೆಸರಿನಲ್ಲಿ ರಿಟರ್ನ್ ಸಲ್ಲಿಸಲೇಬೇಕೇ? ಆದಾಯ ಗೊತ್ತಿಲ್ಲದೆ ಏನೆಂದು ತುಂಬಲಿ? ತೆರಿಗೆ ಬಾಕಿ ಬಂದರೆ ನನ್ನ ಹಣದಿಂದ ಕಟ್ಟಬೇಕೇ? ಅವರ ಮೊಬೈಲ್ ನನ್ನ ಹತ್ತಿರವೇ ಇದೆ, ಅದಕ್ಕೆ ಬರುವ ಓಟಿಪಿ ಬಳಸಿ ಮುಗಿಸಿಬಿಡಿ ಎನ್ನುತ್ತಾರೆ ಕೆಲವರು.

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ತಡೆಯಬೇಕಾದ ತಪ್ಪು. ಅವರ ಮೊಬೈಲ್‌ಗೆ ಬರುವ ಓಟಿಪಿ ಹಾಕಿ ರಿಟರ್ನ್ ದೃಢೀಕರಿಸಬೇಡಿ. ಅಕ್ಟೋಬರ್ 18ರಂದು ತೀರಿಕೊಂಡವರು ಮುಂದಿನ ವರ್ಷದ ಜುಲೈನಲ್ಲಿ ‘ಈ ಮಾಹಿತಿ ಸತ್ಯ’ ಎಂದು ಘೋಷಿಸಿದಂತೆ ದಾಖಲೆಯಾಗುತ್ತದೆ. ಆ ರಿಟರ್ನ್‌ಗೆ ಕಾನೂನಿನ ಬೆಲೆ ಇಲ್ಲ, ಅದರ ಮೇಲೆ ಬಂದ ರೀಫಂಡ್ ಕೂಡ ಮುಂದೆ ತಕರಾರಿಗೆ ದಾರಿ. ಆದರೆ ಆ ಸಿಮ್ ಕಾರ್ಡನ್ನು ಕೆಲವು ತಿಂಗಳು ರೀಚಾರ್ಜ್ ಮಾಡಿ ಇಟ್ಟುಕೊಳ್ಳಿ. ಬಡ್ಡಿ, ಡಿವಿಡೆಂಡ್, ಎಸ್‌ಐಪಿ ಕಂತಿನ ಸಂದೇಶಗಳು ಅದಕ್ಕೇ ಬರುತ್ತವೆ. ಯಾವ ಸಂಸ್ಥೆಯಲ್ಲಿ ಅವರ ಹಣವಿದೆ ಎಂಬ ಸುಳಿವು ಅಲ್ಲಿ ಸಿಗುತ್ತದೆ.

ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಹೇಳುವುದಾದರೆ, ರಿಟರ್ನ್ ಸಲ್ಲಿಸಬೇಕು. ತೆರಿಗೆ ಬಾಕಿ ಇದ್ದರೆ ಅದು ಅವರು ಬಿಟ್ಟುಹೋದ ಆಸ್ತಿಯಿಂದ ಹೋಗಬೇಕೇ ಹೊರತು ನಿಮ್ಮ ಸ್ವಂತ ಹಣದಿಂದಲ್ಲ. ಆದಾಯ ಗೊತ್ತಿಲ್ಲವೆಂದು ಸೊನ್ನೆ ತುಂಬುವುದೂ ತಪ್ಪು, ರಿಟರ್ನ್ ಸಲ್ಲಿಸದೆ ಬಿಡುವುದೂ ತಪ್ಪು. ನಿಮಗೆ ಗೊತ್ತಿರದಿದ್ದರೂ ಅವರ ಆದಾಯದ ಬಹುಪಾಲು ಯಾರೋ ಒಬ್ಬರ ದಾಖಲೆಯಲ್ಲಿ ಇದ್ದೇ ಇದೆ. ಅದನ್ನು ಕೇಳಿ ಪಡೆಯುವ ಹಕ್ಕು ವಾರಸುದಾರರಾದ ನಿಮಗಿದೆ. ನೀವು ವಿವರಿಸಿದಂಥ ಸಂದರ್ಭಗಳಲ್ಲಿ ಎಷ್ಟೋ ಸಲ ತೆರಿಗೆ ಕಟ್ಟುವ ಬದಲು ರೀಫಂಡ್ ಬರುತ್ತದೆ. ಏಕೆಂದು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ವರ್ಷ ಎರಡು ಭಾಗ

2025-26ನೇ ಹಣಕಾಸು ವರ್ಷ ನಿಮ್ಮ ಪಾಲಿಗೆ ಅಕ್ಟೋಬರ್ 18ಕ್ಕೆ ಎರಡಾಗುತ್ತದೆ. 2025ರ ಏಪ್ರಿಲ್ 1ರಿಂದ ಆ ದಿನದವರೆಗಿನ ಆದಾಯ ನಿಮ್ಮ ಯಜಮಾನರದು. ಅದನ್ನು ಅವರ ಪ್ಯಾನ್‌ನಲ್ಲಿ, ವಾರಸುದಾರರಾಗಿ ನೀವು ಸಲ್ಲಿಸಬೇಕು. ಅಕ್ಟೋಬರ್ 19ರಿಂದ ಬಂದ ಬಡ್ಡಿ, ಬಾಡಿಗೆ ವಾರಸುದಾರರ ಆದಾಯ. ಅದನ್ನು ಅವರವರ ಪ್ಯಾನ್‌ನಲ್ಲಿ ತೋರಿಸಬೇಕು. ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ನಿಮಗೆ ಸ್ವಂತ ಆದಾಯವಿದ್ದರೆ ನಿಮ್ಮ ರಿಟರ್ನ್ ಬೇರೆಯೇ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ ಎಂದು ಗಾಬರಿಯಾಗಬೇಡಿ. 2025-26ರ ಆದಾಯಕ್ಕೆ 1961ರ ಹಳೆಯ ಕಾಯ್ದೆಯೇ ಅನ್ವಯ. ರಿಟರ್ನ್‌ನಲ್ಲಿ ತೆರಿಗೆ ನಿರ್ಧರಣಾ ವರ್ಷ 2026-27 ಎಂದು ಆಯ್ಕೆ ಮಾಡಬೇಕು, ಕೊನೆಯ ದಿನ 2026ರ ಜುಲೈ 31.

ಬಹಳ ಜನರಿಗೆ ತಿಳಿಯದ ಒಂದು ಅನುಕೂಲ ಇಲ್ಲಿದೆ. ಅವರು ಆರೂವರೆ ತಿಂಗಳು ಮಾತ್ರ ಬದುಕಿದ್ದರೆಂದು ತೆರಿಗೆ ವಿನಾಯಿತಿ ಮಿತಿ ಅರ್ಧವಾಗುವುದಿಲ್ಲ. ಹೊಸ ತೆರಿಗೆ ಪದ್ಧತಿಯ (ಇದು ಹೊಸ ಕಾಯ್ದೆಯಲ್ಲ, 1961ರ ಕಾಯ್ದೆಯೊಳಗೇ ಇರುವ ಒಂದು ಆಯ್ಕೆ) 4 ಲಕ್ಷ ರೂಪಾಯಿ ಮೂಲ ವಿನಾಯಿತಿ, ಸಂಬಳದ ಮೇಲಿನ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್, 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ 87ಎ ರಿಬೇಟ್ (ಬರುವ ತೆರಿಗೆಯನ್ನೇ ಮನ್ನಾ ಮಾಡುವ ರಿಯಾಯಿತಿ), ಇವೆಲ್ಲ ಪೂರ್ತಿ ಸಿಗುತ್ತವೆ.

ಮೊದಲು ವಾರಸುದಾರರಾಗಿ ನೋಂದಣಿ

ಆದಾಯ ಹುಡುಕುವ ಕೆಲಸಕ್ಕೂ ಮೊದಲು ಇದು ಆಗಬೇಕು, ಏಕೆಂದರೆ ಇಲಾಖೆಯ ಬಳಿ ಇರುವ ಮಾಹಿತಿ ತೆರೆದುಕೊಳ್ಳುವುದು ನೋಂದಣಿಯ ನಂತರವೇ. ಇ-ಫೈಲಿಂಗ್ ಪೋರ್ಟಲ್‌ಗೆ ನಿಮ್ಮದೇ ಪ್ಯಾನ್‌ನಿಂದ ಲಾಗಿನ್ ಆಗಿ. ‘ಆಥರೈಸ್ಡ್ ಪಾರ್ಟ್‌ನರ್ಸ್’ ಎಂಬಲ್ಲಿ ‘ರಿಜಿಸ್ಟರ್ ಆ್ಯಸ್ ರೆಪ್ರೆಸೆಂಟೇಟಿವ್ ಅಸೆಸ್ಸಿ’ ಆಯ್ಕೆ ಮಾಡಿ, ವರ್ಗದಲ್ಲಿ ಮೃತರ ವಾರಸುದಾರ ಎಂಬುದನ್ನು ಆರಿಸಿ. ಅವರ ಪ್ಯಾನ್, ಹೆಸರು, ಮರಣ ದಿನಾಂಕ ತುಂಬಿ, ಇಬ್ಬರ ಪ್ಯಾನ್ ಕಾರ್ಡ್ ಪ್ರತಿ, ಮರಣ ಪ್ರಮಾಣ ಪತ್ರ, ವಾರಸುದಾರಿಕೆಯ ಪುರಾವೆ ಅಪ್‌ಲೋಡ್ ಮಾಡಬೇಕು. ಅನುಮೋದನೆಗೆ ಸಾಮಾನ್ಯವಾಗಿ ಒಂದು ವಾರ ಹಿಡಿಯುತ್ತದೆ. ಆಮೇಲೆ ನಿಮ್ಮದೇ ಲಾಗಿನ್‌ನಲ್ಲಿ ಅವರ ಪ್ರತಿನಿಧಿಯಾಗಿ ಬದಲಾಯಿಸಿಕೊಂಡು ಅವರ ಖಾತೆ ನೋಡಬಹುದು.

ವಾರಸುದಾರಿಕೆಯ ಪುರಾವೆಗೆ ಕೋರ್ಟ್ ಮೆಟ್ಟಿಲು ಹತ್ತಬೇಕಿಲ್ಲ. ಕಂದಾಯ ಇಲಾಖೆ ಕೊಡುವ ಬದುಕುಳಿದ ಕುಟುಂಬ ಸದಸ್ಯರ ಪ್ರಮಾಣ ಪತ್ರ ಸಾಕು, ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಸರ್ಕಾರಿ ನೌಕರರ ಕುಟುಂಬವಾದರೆ ಕುಟುಂಬ ಪಿಂಚಣಿ ಪ್ರಮಾಣ ಪತ್ರ, ನೋಂದಾಯಿತ ವಿಲ್ ಇದ್ದರೆ ಅದು ನಡೆಯುತ್ತದೆ. ಅವರ ಖಾತೆಗೆ ನೀವು ನಾಮಿನಿ ಅಥವಾ ಜಂಟಿ ಖಾತೆದಾರರು ಎಂದು ಬ್ಯಾಂಕು ತನ್ನ ಲೆಟರ್‌ಹೆಡ್‌ನಲ್ಲಿ ಮೊಹರು, ಸಹಿ ಸಮೇತ ಕೊಡುವ ಪತ್ರವನ್ನೂ ಒಪ್ಪುತ್ತಾರೆ. ತುರ್ತಿದ್ದಾಗ ಈ ಬ್ಯಾಂಕ್ ಪತ್ರವೇ ಬೇಗ ಸಿಗುವುದು. ವಾರಸುದಾರರು ನಾಲ್ವರಿದ್ದರೂ ಪೋರ್ಟಲ್‌ನಲ್ಲಿ ಒಬ್ಬರು ನೋಂದಾಯಿಸಿದರೆ ಸಾಕು.

ಅರ್ಜಿ ತಿರಸ್ಕಾರವಾದರೆ ಬಹುಮಟ್ಟಿಗೆ ಹೆಸರಿನದೇ ತೊಡಕು. ಪ್ಯಾನ್‌ನಲ್ಲಿ ಇನಿಷಿಯಲ್ ಸಮೇತ ಒಂದು ಹೆಸರು, ಮರಣ ಪ್ರಮಾಣ ಪತ್ರದಲ್ಲಿ ಇನಿಷಿಯಲ್ ಇಲ್ಲದ ಇನ್ನೊಂದು ಹೆಸರು, ಕೊನೆಯಲ್ಲಿ ‘ಅಪ್ಪ’ ಇದ್ದೂ ಇಲ್ಲದೆಯೂ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಪ್ರಮಾಣ ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ, ನೋಟರಿ ಸಹಿ ಹಾಕಿಸಿ, ಎರಡನ್ನೂ ಒಂದೇ ಪಿಡಿಎಫ್ ಮಾಡಿ ಹಾಕಿ.

ಗೊತ್ತಿಲ್ಲದ ಆದಾಯ ಎಲ್ಲಿ ಸಿಗುತ್ತದೆ

ಪ್ರತಿನಿಧಿಯಾಗಿ ಒಳಗೆ ಹೋದ ಕೂಡಲೇ ಎಲ್ಲರೂ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ, ನೋಡಲು ಧಾವಿಸುತ್ತಾರೆ. ಅದಕ್ಕಿಂತ ಮೊದಲು ಅವರು ಹಿಂದಿನ ವರ್ಷ ಸಲ್ಲಿಸಿದ ರಿಟರ್ನ್ ಡೌನ್‌ಲೋಡ್ ಮಾಡಿ. ಅದು ಅವರೇ ತಮ್ಮ ಆದಾಯದ ಬಗ್ಗೆ ಬರೆದಿಟ್ಟ ವಿವರ. ಯಾವ ಯಾವ ಮೂಲದಿಂದ ಎಷ್ಟು ತೋರಿಸಿದ್ದರು, ಹಳೆಯ ತೆರಿಗೆ ಪದ್ಧತಿಯೋ ಹೊಸದೋ, ಬಾಡಿಗೆ ತೋರಿಸಿದ್ದರೋ ಇಲ್ಲವೋ, ಷೇರಿನ ನಷ್ಟ ಮುಂದಕ್ಕೆ ಒಯ್ದಿದ್ದರೋ, ಎಲ್ಲ ಅಲ್ಲಿರುತ್ತದೆ. ಮುಖ್ಯವಾಗಿ, ಅವರು ಅಲ್ಲಿ ನಮೂದಿಸಿದ ಬ್ಯಾಂಕ್ ಖಾತೆಗಳ ಪಟ್ಟಿ ಸಿಗುತ್ತದೆ. ನಿಮಗೆ ಗೊತ್ತೇ ಇರದ ಖಾತೆ ಅಲ್ಲಿ ಕಂಡರೆ ಆಶ್ಚರ್ಯಪಡಬೇಡಿ. ಇದೇ ಹೊತ್ತಿಗೆ ‘ಪೆಂಡಿಂಗ್ ಆ್ಯಕ್ಷನ್ಸ್’ ತೆರೆದು ಹಳೆಯ ತೆರಿಗೆ ಬೇಡಿಕೆ, ಉತ್ತರಿಸದ ನೋಟಿಸ್ ಏನಾದರೂ ಇವೆಯೇ ನೋಡಿಕೊಳ್ಳಿ.

ನಂತರ ಎಐಎಸ್ ಮತ್ತು ಅವರ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್. ಎಐಎಸ್ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಅವರ ಪ್ಯಾನ್ ಸಣ್ಣಕ್ಷರದಲ್ಲಿ, ಅದಕ್ಕೆ ಅಂಟಿಕೊಂಡು ಜನ್ಮ ದಿನಾಂಕ ದಿನ-ತಿಂಗಳು-ವರ್ಷದ ಎಂಟು ಅಂಕಿ, ನಡುವೆ ಗೆರೆ ಇಲ್ಲದೆ. ಪ್ಯಾನ್‌ನಲ್ಲಿ ಇರುವ ಜನ್ಮ ದಿನಾಂಕವೇ ಬೇಕು, ಮನೆಯವರು ಆಚರಿಸುವ ಹುಟ್ಟುಹಬ್ಬದ ದಿನ ಬೇರೆಯಾಗಿದ್ದರೆ ಫೈಲ್ ತೆರೆಯುವುದಿಲ್ಲ. ಏಪ್ರಿಲ್‌ನಲ್ಲಿ ನೋಡಿದ ಎಐಎಸ್ ಅರೆಬರೆ. ಕೊನೆಯ ತ್ರೈಮಾಸಿಕದ ಟಿಡಿಎಸ್ (ಹಣ ಕೊಡುವವರೇ ಮೊದಲೇ ಕತ್ತರಿಸಿ ಕಟ್ಟುವ ತೆರಿಗೆ) ವಿವರವನ್ನೂ ಬ್ಯಾಂಕುಗಳ ವಾರ್ಷಿಕ ವರದಿಯನ್ನೂ ಸಲ್ಲಿಸಲು ಮೇ 31ರವರೆಗೆ ಸಮಯವಿದೆ, ಕಂಪನಿ ಫಾರ್ಮ್ 16, ಅಂದರೆ ಸಂಬಳ ಮತ್ತು ಟಿಡಿಎಸ್ ಪ್ರಮಾಣ ಪತ್ರ, ಕೊಡಲು ಜೂನ್ 15ರವರೆಗೆ. ಜೂನ್ ಮೂರನೇ ವಾರದ ನಂತರ ಡೌನ್‌ಲೋಡ್ ಮಾಡಿದ ಪಟ್ಟಿಯನ್ನೇ ಆಧಾರವಾಗಿಡಿ.

ಎಐಎಸ್ ಓದುವಾಗ ಎರಡು ಕಡೆ ಜನ ಎಡವುತ್ತಾರೆ. ಒಂದೇ ಎಫ್‌ಡಿಯ ಬಡ್ಡಿ ಟಿಡಿಎಸ್ ಭಾಗದಲ್ಲಿ ಒಮ್ಮೆ, ಬ್ಯಾಂಕ್ ವರದಿ ಭಾಗದಲ್ಲಿ ಮತ್ತೊಮ್ಮೆ ಬರುತ್ತದೆ. ಕೂಡಿಸಿದರೆ ಆದಾಯ ದುಪ್ಪಟ್ಟಾಗುತ್ತದೆ. ಷೇರು ಮಾರಾಟದ ಎದುರು ಕಾಣುವ ಮೊತ್ತ ಮಾರಿದ ಬೆಲೆ, ಲಾಭವಲ್ಲ. ಎಂಟು ಲಕ್ಷದ ಮಾರಾಟ ಕಂಡು ಹೌಹಾರಿ, ಕೊನೆಗೆ ನೋಡಿದರೆ ನಷ್ಟವೇ ಆಗಿರಬಹುದು. ತಪ್ಪಾದ ಸಾಲಿನ ಎದುರು ‘ಈ ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದು’ ಅಥವಾ ‘ಇದು ಇನ್ನೊಂದು ಸಾಲಿನಲ್ಲಿ ಸೇರಿದೆ’ ಎಂದು ಪ್ರತಿಕ್ರಿಯೆ ದಾಖಲಿಸುವ ಅವಕಾಶವಿದೆ, ಬಳಸಿಕೊಳ್ಳಿ. ಜಂಟಿ ಖಾತೆಯಲ್ಲಿ ನಿಮ್ಮ ದುಡ್ಡೇ ಇದ್ದರೂ ಮೊದಲ ಹೆಸರು ಅವರದಾಗಿದ್ದರೆ ಬಡ್ಡಿ ಅವರ ಪ್ಯಾನ್‌ನಲ್ಲೇ ಕಾಣುತ್ತದೆ. ಅಂಥ ಸಾಲಿಗೆ ಈ ಪ್ರತಿಕ್ರಿಯೆ ಬೇಕಾಗುತ್ತದೆ.

ಎಐಎಸ್‌ನಲ್ಲಿ ಇಲ್ಲದ್ದು ಆದಾಯವೇ ಅಲ್ಲ ಎಂದುಕೊಳ್ಳುವುದು ಇದಕ್ಕಿಂತ ದೊಡ್ಡ ತಪ್ಪು. ಖಾಸಗಿ ವ್ಯಕ್ತಿ ಕೊಡುವ ತಿಂಗಳಿಗೆ 50,000 ರೂಪಾಯಿ ಮೀರದ ಬಾಡಿಗೆಗೆ ಟಿಡಿಎಸ್ ಇಲ್ಲ, ಹಾಗಾಗಿ ಅದು ಅಲ್ಲಿ ಬರದೇ ಇರಬಹುದು. ಆದರೆ ಬಾಡಿಗೆದಾರರು ತಮ್ಮ ಕಂಪನಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಪಡೆಯಲು ನಿಮ್ಮ ಯಜಮಾನರ ಪ್ಯಾನ್ ಕೊಟ್ಟಿದ್ದರೆ ಅದು ಇಲಾಖೆಗೆ ತಲುಪಿರುತ್ತದೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೊಡಲೇಬೇಕು. ಪತ್ತಿನ ಸಹಕಾರ ಸಂಘಗಳು ಸದಸ್ಯರಿಗೆ ಕೊಡುವ ಬಡ್ಡಿಗೆ ಬಹುಪಾಲು ಟಿಡಿಎಸ್ ಕಡಿತವಾಗುವುದಿಲ್ಲ. ಊರಿನ ಸಂಘದಲ್ಲಿ ಠೇವಣಿ ಇಟ್ಟಿದ್ದರೆ ಪಾಸ್‌ಪುಸ್ತಕ ಹುಡುಕಿ ಬಡ್ಡಿ ಪ್ರಮಾಣ ಪತ್ರ ಕೇಳಬೇಕು. ಅಂಚೆ ಕಚೇರಿಯ ಎನ್‌ಎಸ್‌ಸಿ, ಕಿಸಾನ್ ವಿಕಾಸ ಪತ್ರ, ಕೈಸಾಲ ಕೊಟ್ಟು ಪಡೆದ ಬಡ್ಡಿ, ಇವನ್ನೂ ನೀವೇ ಹುಡುಕಬೇಕು. ಎಫ್‌ಡಿಗೆ 15ಜಿ ಫಾರ್ಮ್ ಕೊಟ್ಟು ಟಿಡಿಎಸ್ ತಪ್ಪಿಸಿದ್ದರೂ ಆ ಬಡ್ಡಿ ಆದಾಯವೇ.

ಇದಕ್ಕೆಲ್ಲ ಒಳ್ಳೆಯ ಕನ್ನಡಿ ಅವರ ಬ್ಯಾಂಕ್ ಸ್ಟೇಟ್‌ಮೆಂಟ್. ಪ್ರತಿ ಖಾತೆಯದೂ 2025ರ ಏಪ್ರಿಲ್ 1ರಿಂದ ಈವರೆಗಿನದು ತೆಗೆಸಿ, ಸಾಧ್ಯವಾದರೆ ಹಿಂದಿನ ಒಂದು ವರ್ಷದ್ದೂ. ಪೆನ್ಸಿಲ್ ಹಿಡಿದು ಜಮೆಯ ಸಾಲುಗಳಿಗೆ ಮಾತ್ರ ಗುರುತು ಹಾಕುತ್ತಾ ಬನ್ನಿ. ತಿಂಗಳ ಕೊನೆಗೆ ಒಂದೇ ಮೂಲದಿಂದ ಬರುವ ದೊಡ್ಡ ಮೊತ್ತ ಸಂಬಳ. ‘ಐಎನ್‌ಟಿ’ ಎಂದು ಶುರುವಾಗುವುದು ಬಡ್ಡಿ. ‘ಎಸಿಎಚ್’ ಎಂದು ಕಂಪನಿ ಹೆಸರಿನೊಡನೆ ಬರುವ ಸಣ್ಣ ಬೆಸ ಮೊತ್ತ ಸಾಮಾನ್ಯವಾಗಿ ಡಿವಿಡೆಂಡ್. ತಿಂಗಳ ಐದನೇ ತಾರೀಖಿನ ಸುಮಾರಿಗೆ ಯುಪಿಐ ಮೂಲಕ ಪ್ರತಿ ಸಲ ಒಂದೇ ಮೊತ್ತ ಬರುತ್ತಿದ್ದರೆ ಅದು ಬಾಡಿಗೆ ಇರಬಹುದು. ಖರ್ಚಿನ ಕಾಲಮ್ಮೂ ಮಾತನಾಡುತ್ತದೆ. ಅಲ್ಲಿ ಎಸ್‌ಐಪಿ ಕಂತು ಕಂಡರೆ ಮ್ಯೂಚುವಲ್ ಫಂಡ್ ಇದೆ, ಬ್ರೋಕರ್‌ಗೆ ಹಣ ಹೋಗಿದ್ದರೆ ಡಿಮ್ಯಾಟ್ (ಷೇರು ಇಡುವ ಖಾತೆ) ಇದೆ, ಲಾಕರ್ ಶುಲ್ಕ ಕಡಿತವಾಗಿದ್ದರೆ ಲಾಕರ್ ಇದೆ. ಅವರದೇ ಇನ್ನೊಂದು ಖಾತೆಯಿಂದ ಬಂದ ಹಣ, ಸಾಲ ವಾಪಸ್ ಬಂದದ್ದು, ಬಾಡಿಗೆದಾರರ ಅಡ್ವಾನ್ಸ್, ಇವು ಆದಾಯವಲ್ಲ. ಅಡ್ವಾನ್ಸ್ ಅಂತೂ ಮುಂದೆ ನೀವು ಹಿಂದಿರುಗಿಸಬೇಕಾದ ಸಾಲ, ಬೇರೆ ಬರೆದಿಡಿ.

ಮ್ಯೂಚುವಲ್ ಫಂಡ್ ಮತ್ತು ಷೇರಿಗೆ ಪ್ಯಾನ್ ಆಧಾರದ ಒಟ್ಟು ಹೂಡಿಕೆ ಪಟ್ಟಿ ಇರುತ್ತದೆ, ಸಿಎಎಸ್ ಎನ್ನುತ್ತಾರೆ. ಡಿಮ್ಯಾಟ್ ಇದ್ದವರಿಗೆ ಅದು ಇಮೇಲ್‌ನಲ್ಲಿ ಬರುತ್ತಿರುತ್ತದೆ. ಅದು ಸಿಕ್ಕರೆ ಎಲ್ಲ ಫಂಡ್‌ಗಳೂ ಒಂದೇ ಕಡೆ ಕಾಣುತ್ತವೆ. ಮಾರಾಟದ ಲಾಭಕ್ಕೆ ಬ್ರೋಕರ್ ಬಳಿ ಮರಣ ಪ್ರಮಾಣ ಪತ್ರ ಕೊಟ್ಟು 2025-26ರ ತೆರಿಗೆ ಲಾಭ-ನಷ್ಟ ವರದಿ ಕೇಳಿ. ಒಂದು ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ ಶೇ 20, ಹೆಚ್ಚು ಕಾಲ ಇಟ್ಟು ಮಾರಿದ್ದಕ್ಕೆ 1.25 ಲಕ್ಷ ದಾಟಿದ ಲಾಭದ ಮೇಲೆ ಶೇ 12.5. ಹೊಸ ಪದ್ಧತಿಯ 12 ಲಕ್ಷದ ರಿಬೇಟ್ ಈ ವಿಶೇಷ ದರದ ತೆರಿಗೆಗೆ ಸಿಗುವುದಿಲ್ಲ. ಆದ್ದರಿಂದ ಷೇರಿನ ಲೆಕ್ಕ ಬರುವ ಮುನ್ನವೇ ‘12 ಲಕ್ಷದೊಳಗಿದೆ, ತೆರಿಗೆ ಇಲ್ಲ’ ಎಂದು ತೀರ್ಮಾನಿಸಬೇಡಿ. ಅವರ ಹೆಸರಿನ ಷೇರುಗಳು ವಾರಸುದಾರರ ಡಿಮ್ಯಾಟ್‌ಗೆ ವರ್ಗವಾಗುವುದು ಮಾತ್ರ ಮಾರಾಟವಲ್ಲ, ಅದಕ್ಕೆ ತೆರಿಗೆ ಇಲ್ಲ. ಮುಂದೆ ನೀವು ಮಾರಿದಾಗ ಅವರು ಕೊಂಡ ಬೆಲೆ, ಅವರು ಕೊಂಡ ದಿನವೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ ಹಳೆಯ ದಾಖಲೆಗಳನ್ನು ಜೋಪಾನವಾಗಿಡಿ.

ಕಂಪನಿಯಿಂದ ಫಾರ್ಮ್ 16 ಜೊತೆಗೆ ಅಂತಿಮ ಲೆಕ್ಕದ ವಿವರಪಟ್ಟಿಯನ್ನೂ ಕೇಳಿ. ಅದರಲ್ಲಿ ಸಂಬಳ ಎಷ್ಟು, ಗ್ರಾಚುಟಿ ಎಷ್ಟು, ರಜೆಯ ಹಣ ಎಷ್ಟು ಎಂದು ಬೇರೆ ಬೇರೆಯಾಗಿ ಇರಬೇಕು. ಮೃತ ನೌಕರರ ವಾರಸುದಾರರಿಗೆ ಕೊಡುವ ಗಳಿಕೆ ರಜೆಯ ಹಣಕ್ಕೆ ತೆರಿಗೆ ಇಲ್ಲ. ಎಲ್ಲವನ್ನೂ ಸಂಬಳ ಎಂದು ಒಟ್ಟುಗೂಡಿಸಿ ಟಿಡಿಎಸ್ ಕತ್ತರಿಸಿದ್ದರೆ ಅಲ್ಲೇ ಸರಿಪಡಿಸಿಕೊಳ್ಳುವುದು ಸುಲಭ. ಮರಣಾನಂತರ ಬರುವ ಜೀವವಿಮೆ ಹಣಕ್ಕೂ ತೆರಿಗೆ ಇಲ್ಲ, ವಾರಸುದಾರಿಕೆಯಿಂದ ಬಂದ ಆಸ್ತಿಗೂ ಇಲ್ಲ. ಇವು ಯಾರ ಆದಾಯದಲ್ಲೂ ಸೇರುವುದಿಲ್ಲ.

ಒಂದು ಲೆಕ್ಕ

ನಿಮ್ಮ ಅಂಕಿಅಂಶ ನನಗೆ ಗೊತ್ತಿಲ್ಲದ ಕಾರಣ ಒಂದು ಉದಾಹರಣೆ. ಸಂಬಳ ತಿಂಗಳಿಗೆ 1,20,000, ಎಫ್‌ಡಿ 10 ಲಕ್ಷಕ್ಕೆ ವರ್ಷಕ್ಕೆ ಶೇ 7ರ ಬಡ್ಡಿ, ಬಾಡಿಗೆ 15,000 ಎಂದಿಟ್ಟುಕೊಳ್ಳಿ. ಏಪ್ರಿಲ್ 1ರಿಂದ ಅಕ್ಟೋಬರ್ 18ರವರೆಗೆ 201 ದಿನ. ಎಫ್‌ಡಿಯ ವರ್ಷದ ಬಡ್ಡಿ 70,000ದಲ್ಲಿ ಅವರ ಪಾಲು 201/365, ಅಂದರೆ 38,548 ರೂಪಾಯಿ. ಉಳಿದ 31,452 ವಾರಸುದಾರರದು. ಬಾಡಿಗೆ ಆರು ತಿಂಗಳ 90,000, ಅಕ್ಟೋಬರ್‌ನ 18 ದಿನಕ್ಕೆ 8,710, ಒಟ್ಟು 98,710. ಅದರಲ್ಲಿ ಬಾಡಿಗೆ ಆದಾಯಕ್ಕೆ ಕಾನೂನು ಕೊಡುವ ಶೇ 30 ಕಡಿತ ಕಳೆದರೆ ತೆರಿಗೆಗೆ ಒಳಪಡುವುದು 69,097. ಅವರು ಕಟ್ಟಿದ ಮನೆ ತೆರಿಗೆ ಇದ್ದರೆ ಅದನ್ನು ಮೊದಲೇ ಕಳೆಯಬಹುದು, ಇಲ್ಲಿ ಬಿಟ್ಟಿದ್ದೇನೆ. ಸಂಬಳ ಆರು ತಿಂಗಳು 18 ದಿನಕ್ಕೆ 7,89,677, ಅದರಲ್ಲಿ 75,000 ಕಳೆದರೆ 7,14,677. ಮೂರೂ ಕೂಡಿದರೆ 8,22,322 ರೂಪಾಯಿ. ಹೊಸ ಪದ್ಧತಿಯಲ್ಲಿ 12 ಲಕ್ಷದೊಳಗಾದ್ದರಿಂದ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ.

ಈಗ ಟಿಡಿಎಸ್ ನೋಡಿ. ಕಂಪನಿ ವರ್ಷದ ಆರಂಭದಲ್ಲಿ ಹನ್ನೆರಡು ತಿಂಗಳ ಸಂಬಳ 14,40,000 ಎಂದು ಅಂದಾಜಿಸಿ, ಅದರ ತೆರಿಗೆ 88,140 ಎಂದು ಲೆಕ್ಕ ಹಾಕಿ, ತಿಂಗಳಿಗೆ 7,345ರಂತೆ ಕತ್ತರಿಸುತ್ತಾ ಬಂದಿರುತ್ತದೆ. ಸೆಪ್ಟೆಂಬರ್‌ವರೆಗೆ 44,070 ಕಡಿತವಾಗಿದೆ. ಬ್ಯಾಂಕು ಎಫ್‌ಡಿ ಬಡ್ಡಿಯ ಮೇಲೆ ಕತ್ತರಿಸಿದ 7,000ದಲ್ಲಿ ಅವರ ಪಾಲು 3,855. ಒಟ್ಟು 47,925 ರೂಪಾಯಿ ರೀಫಂಡ್. ರಿಟರ್ನ್ ಸಲ್ಲಿಸದೆ ಬಿಟ್ಟರೆ ಕುಟುಂಬಕ್ಕೆ ಸೇರಬೇಕಾದ ಈ ಹಣ ಇಲಾಖೆಯಲ್ಲೇ ಉಳಿಯುತ್ತದೆ.

ಗೃಹಸಾಲ, ವಿಮೆ, ಪಿಎಫ್ ಕಂತು ದೊಡ್ಡದಿದ್ದರೆ ಹಳೆಯ ಪದ್ಧತಿಯಲ್ಲೂ ಒಮ್ಮೆ ಲೆಕ್ಕ ಹಾಕಿ. ಆದರೆ ಹಳೆಯ ಪದ್ಧತಿ ಆರಿಸಬೇಕಾದರೆ ಜುಲೈ 31ರೊಳಗೆ ಸಲ್ಲಿಸಬೇಕು. ತಡವಾದರೆ ಹೊಸ ಪದ್ಧತಿಯೇ ಗತಿ.

ಅಕ್ಟೋಬರ್ 19ರ ನಂತರದ್ದು

ವಿಲ್ ಇಲ್ಲದ ಹಿಂದೂ ಕುಟುಂಬದಲ್ಲಿ 1956ರ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿ, ಮಕ್ಕಳು ಮತ್ತು ತಾಯಿ ಸಮಾನ ವಾರಸುದಾರರು. ಅವರ ಸ್ವಯಾರ್ಜಿತ ಆಸ್ತಿಯಲ್ಲಿ ನಿಮ್ಮ ಅತ್ತೆಯವರಿಗೂ ನಾಲ್ಕನೇ ಒಂದು ಪಾಲಿದೆ. ಇದನ್ನು ಮರೆಯುವವರೇ ಹೆಚ್ಚು. ನಾಮಿನಿ ನೀವೊಬ್ಬರೇ ಆಗಿದ್ದರೂ ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸುವವರು ಅಷ್ಟೇ. ಮೇಲಿನ ಉದಾಹರಣೆಯ 31,452 ಬಡ್ಡಿಯಲ್ಲಿ ಒಬ್ಬೊಬ್ಬರಿಗೆ 7,863. ಮಗ ಅಪ್ರಾಪ್ತನಾದ್ದರಿಂದ ಅವನ ಪಾಲಿನ ಆದಾಯ ನಿಮ್ಮ ಆದಾಯಕ್ಕೆ ಸೇರುತ್ತದೆ. ಬಾಡಿಗೆಯೂ ಹೀಗೆಯೇ.

ಬ್ಯಾಂಕು ಇಡೀ ವರ್ಷದ ಟಿಡಿಎಸ್ ಅವರ ಪ್ಯಾನ್‌ಗೇ ಹಾಕಿರಬಹುದು. ನೀವು ತುಂಬುವ ರಿಟರ್ನ್ ಫಾರ್ಮ್ ಐಟಿಆರ್-2ರ ಟಿಡಿಎಸ್ ಪಟ್ಟಿಯಲ್ಲಿ, ಕಡಿತವಾದ ತೆರಿಗೆಯ ಒಂದು ಭಾಗ ಬೇರೆ ವ್ಯಕ್ತಿಗೆ ಸೇರಿದ್ದು ಎಂದು ಆ ವ್ಯಕ್ತಿಯ ಪ್ಯಾನ್ ಸಮೇತ ತೋರಿಸುವ ಅವಕಾಶವಿದೆ, ನಿಯಮ 37ಬಿಎ ಇದಕ್ಕೇ. ಉಳಿತಾಯ ಖಾತೆ ಮತ್ತು ಎಫ್‌ಡಿಯನ್ನು ಬೇಗ ವಾರಸುದಾರರ ಹೆಸರಿಗೆ ಮಾಡಿಸಿದರೆ ಮುಂದಿನ ವರ್ಷ ಈ ತೊಡಕು ಇರುವುದಿಲ್ಲ.

ನಿಮ್ಮ ಹೆಸರಿನಲ್ಲಿ ಎಫ್‌ಡಿ ಇದ್ದು ಹಣ ಅವರು ಕೊಟ್ಟದ್ದಾದರೆ, ಅವರು ಇರುವವರೆಗಿನ ಬಡ್ಡಿ ಅವರ ಆದಾಯಕ್ಕೆ ಸೇರುತ್ತದೆ, ನಂತರದ್ದು ನಿಮ್ಮದೇ. ಪಿಎಫ್ ಕಚೇರಿಯಿಂದ ಬರುವ ವಿಧವಾ ಪಿಂಚಣಿಯೂ ನಿಮ್ಮ ಆದಾಯ. ಅದರಲ್ಲಿ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅದನ್ನು ಹೊಸ ಪದ್ಧತಿಯಲ್ಲಿ ಕಳೆಯಬಹುದು. ಹಳೆಯ ಪದ್ಧತಿಯಲ್ಲಿ ಆ ಮಿತಿ 15,000.

ಎಷ್ಟು ಹುಡುಕಿದರೂ ಸಿಗದಿದ್ದರೆ

ಬಾಡಿಗೆ ಕರಾರು ಪತ್ರ ಸಿಗದಿದ್ದರೆ ಬಾಡಿಗೆದಾರರಿಂದಲೇ ಎಷ್ಟು ಕೊಟ್ಟೆವೆಂದು ಬರೆಸಿಕೊಳ್ಳಿ. ಸಂಘದ ಪಾಸ್‌ಪುಸ್ತಕ ಕಳೆದಿದ್ದರೆ ಸಂಘಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಾಗೂ ನಿಖರ ಅಂಕಿ ಬಾರದೇ ಹೋದರೆ, ಕೈಯಲ್ಲಿರುವ ಆಧಾರದ ಮೇಲೆ ಪ್ರಾಮಾಣಿಕ ಅಂದಾಜು ಹಾಕಿ. ಯಾವ ಆಧಾರದ ಮೇಲೆ ಆ ಅಂಕಿ ಬಂತು ಎಂಬುದನ್ನು ಒಂದು ಹಾಳೆಯಲ್ಲಿ ದಿನಾಂಕ ಸಮೇತ ಬರೆದು, ಕಳಿಸಿದ ಪತ್ರಗಳ ಪ್ರತಿಯೊಡನೆ ಫೈಲ್‌ನಲ್ಲಿಡಿ. ನಾಲ್ಕು ವರ್ಷದ ನಂತರ ಅಧಿಕಾರಿ ಕೇಳಿದರೆ ನಿಮ್ಮ ಪರವಾಗಿ ಮಾತನಾಡುವುದು ಆ ಹಾಳೆಯೇ. ಅನುಮಾನ ಬಂದ ಕಡೆ ಸ್ವಲ್ಪ ಹೆಚ್ಚು ತೋರಿಸುವುದು ಕಡಿಮೆ ತೋರಿಸುವುದಕ್ಕಿಂತ ಕ್ಷೇಮ.

ಅವರಿಗೆ ಅಂಗಡಿಯೋ ಸಣ್ಣ ವ್ಯಾಪಾರವೋ ಪಕ್ಕದಲ್ಲಿ ಇತ್ತು ಎಂದು ಹುಡುಕುವಾಗ ತಿಳಿದರೆ ಪುಸ್ತಕವಿಲ್ಲವೆಂದು ಕೈಚೆಲ್ಲಬೇಡಿ. ವಹಿವಾಟು 2 ಕೋಟಿಯೊಳಗಿದ್ದರೆ ಸೆಕ್ಷನ್ 44ಎಡಿ ಅಡಿ ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಶೇ 6, ನಗದಿಗೆ ಶೇ 8 ಲಾಭವೆಂದು ತೋರಿಸಬಹುದು. ಆಗ ರಿಟರ್ನ್ ಫಾರ್ಮ್ ಬೇರೆಯಾಗುತ್ತದೆ, ಲೆಕ್ಕಪರಿಶೋಧಕರನ್ನು ಕಾಣುವುದು ಒಳ್ಳೆಯದು.

ಸಲ್ಲಿಕೆ, ರೀಫಂಡ್

ನಿಮಗೆ ಹೊಂದುವ ಫಾರ್ಮ್ ಐಟಿಆರ್-2. ‘ಪ್ರತಿನಿಧಿ ಸಲ್ಲಿಸುತ್ತಿದ್ದಾರೆಯೇ’ ಎಂಬ ಪ್ರಶ್ನೆಗೆ ಹೌದು ಎಂದು ಹೇಳಿ ನಿಮ್ಮ ಹೆಸರು, ಪ್ಯಾನ್, ಆಧಾರ್, ವಿಳಾಸ ಕೊಡಿ. ತೆರಿಗೆ ಬಾಕಿ ಬಂದರೆ ಚಲನ್‌ನಲ್ಲಿ ಪ್ಯಾನ್ ಅವರದು, ನಿರ್ಧರಣಾ ವರ್ಷ 2026-27, ವಿಧ ಸೆಲ್ಫ್ ಅಸೆಸ್‌ಮೆಂಟ್ 300. ಗಡಿಬಿಡಿಯಲ್ಲಿ ನಿಮ್ಮ ಪ್ಯಾನ್‌ಗೆ ಕಟ್ಟಿದರೆ ಸರಿಪಡಿಸಲು ತಿಂಗಳುಗಟ್ಟಲೆ ಅಲೆದಾಟ. ಸಲ್ಲಿಸಿದ 30 ದಿನದೊಳಗೆ ನಿಮ್ಮ ಆಧಾರ್ ಓಟಿಪಿಯಿಂದ ದೃಢೀಕರಿಸಿ.

ರೀಫಂಡ್‌ಗೆ ಅವರ ಒಂಟಿ ಖಾತೆ ಕೊಡಬೇಡಿ, ಸಾವಿನ ಸುದ್ದಿ ತಿಳಿದ ಬ್ಯಾಂಕು ಅದಕ್ಕೆ ಬಂದ ಹಣ ಹಿಂದಕ್ಕೆ ಕಳಿಸಬಹುದು. ಪ್ರತಿನಿಧಿಯಾಗಿ ಲಾಗಿನ್ ಆಗಿದ್ದಾಗಲೇ ನಿಮ್ಮ ಖಾತೆ ಸೇರಿಸಿ. ಹೆಸರು ಹೊಂದದೆ ರೀಫಂಡ್ ವಿಫಲವಾದರೆ ಮರು ಬಿಡುಗಡೆಯ ಕೋರಿಕೆ, ಪೋರ್ಟಲ್‌ನಲ್ಲಿ ದೂರು, ಜೊತೆಗೆ ಅವರ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಇಂಡೆಮ್ನಿಟಿ ಪತ್ರ (ಮುಂದೆ ತಕರಾರು ಬಂದರೆ ಹೊಣೆ ನನ್ನದು ಎಂಬ ಮುಚ್ಚಳಿಕೆ) ಸಮೇತ ಅರ್ಜಿ ಕೊಡಬೇಕು.

ತಡವಾದರೆ, ಹಿಂದಿನ ವರ್ಷ ಬಾಕಿ ಇದ್ದರೆ

ಜುಲೈ 31 ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಸಲ್ಲಿಸಬಹುದು. ಶುಲ್ಕ 5,000, ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000. ಬಾಕಿ ತೆರಿಗೆಗೆ ತಿಂಗಳಿಗೆ ಶೇ 1ರ ಬಡ್ಡಿ ಸೇರುತ್ತದೆ.

2024-25ರ ರಿಟರ್ನ್ ಅವರು ಸಲ್ಲಿಸಿರಲಿಲ್ಲ ಎಂದು ಪೋರ್ಟಲ್‌ನಲ್ಲಿ ಗೊತ್ತಾದರೆ ಅದರ ಹೊಣೆಯೂ ಆಸ್ತಿಯ ಮೇಲಿದೆ. ಆ ವರ್ಷದ್ದನ್ನು 2027ರ ಮಾರ್ಚ್ 31ರೊಳಗೆ ಗಡುವು ಮುಗಿದ ಮೇಲೆ ಬಳಸುವ ಐಟಿಆರ್-ಯು ಫಾರ್ಮ್ ಮೂಲಕ ಸಲ್ಲಿಸಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಹೆಚ್ಚುವರಿ ಶೇ 25, ಇನ್ನೊಂದು ವರ್ಷ ಹಿಂದಿನದಕ್ಕೆ ಶೇ 50. ಈ ಫಾರ್ಮ್‌ನಲ್ಲಿ ರೀಫಂಡ್ ಕೇಳುವಂತಿಲ್ಲ. ಹಳೆಯ ವರ್ಷದ ರೀಫಂಡ್ ಇದ್ದರೆ ವಿಳಂಬ ಮನ್ನಾ ಕೋರಿ ಸೆಕ್ಷನ್ 119(2)(ಬಿ) ಅಡಿ ಅರ್ಜಿ ಹಾಕಬೇಕು. ಆ ನಿರ್ಧರಣಾ ವರ್ಷ ಮುಗಿದ ಐದು ವರ್ಷದೊಳಗೆ ಅವಕಾಶವಿದೆ, ಸಾವಿನಿಂದಾದ ತೊಂದರೆ ಒಪ್ಪುವಂಥ ಕಾರಣವೇ.

ನಿಮ್ಮ ಹೊಣೆ ಎಲ್ಲಿಯವರೆಗೆ

ಸೆಕ್ಷನ್ 159ರಂತೆ ವಾರಸುದಾರರ ಹೊಣೆ ಮೃತರ ಆಸ್ತಿ ಎಷ್ಟು ತೀರಿಸಬಲ್ಲದೋ ಅಷ್ಟಕ್ಕೆ ಮಾತ್ರ. ನಿಮ್ಮ ದುಡಿಮೆಯ ಹಣ, ನಿಮ್ಮ ಸ್ತ್ರೀಧನ ಇದಕ್ಕೆ ಒಳಪಡುವುದಿಲ್ಲ. ಆದರೆ ಇದೇ ಸೆಕ್ಷನ್‌ನಲ್ಲಿ ಒಂದು ಎಚ್ಚರಿಕೆ ಇದೆ. ತೆರಿಗೆ ಬಾಕಿ ಇರುವಾಗಲೇ ಅವರ ಆಸ್ತಿ ಮಾರಿ, ಅಡವಿಟ್ಟು ಅಥವಾ ಪರಭಾರೆ ಮಾಡಿದರೆ, ಆ ಆಸ್ತಿಯ ಬೆಲೆಯಷ್ಟಕ್ಕೆ ನೀವು ಸ್ವಂತವಾಗಿ ಹೊಣೆಯಾಗುತ್ತೀರಿ. ಆದ್ದರಿಂದ ಬ್ಯಾಂಕಿನ ಹಣ ಹಂಚುವ ಮೊದಲು, ಸೈಟು ಮಾರುವ ಮೊದಲು, ಈ ವರ್ಷದ ಮತ್ತು ಹಿಂದಿನ ವರ್ಷಗಳ ತೆರಿಗೆಗೆ ಬೇಕಾಗುವಷ್ಟು ಮೊತ್ತ ಬೇರೆ ಎತ್ತಿಡಿ. ಸಂಬಂಧಿಕರು ಹಂಚಿಕೆಗೆ ಅವಸರ ಮಾಡಿದರೆ ಈ ಕಾನೂನನ್ನು ಅವರಿಗೆ ತಿಳಿಸಿ. ಪಾಲು ಪಡೆದ ಎಲ್ಲ ವಾರಸುದಾರರ ಮೇಲೂ ಹೊಣೆ ಬೀಳುತ್ತದೆ.

ಅವರ ಹೆಸರಿಗೇ ನೋಟಿಸ್ ಬಂದರೆ ಕಡೆಗಣಿಸಬೇಡಿ. ಮೃತರ ಹೆಸರಿನಲ್ಲಿ ಹೊರಡಿಸಿದ ನೋಟಿಸ್ ಅಸಿಂಧು ಎಂದು ಮದ್ರಾಸ್ ಹೈಕೋರ್ಟ್ 2018ರಲ್ಲಿ ಹೇಳಿದೆ ನಿಜ. ಆದರೆ ಇಲಾಖೆ ವಾರಸುದಾರರ ಹೆಸರಿಗೆ ಹೊಸದಾಗಿ ಪ್ರಕ್ರಿಯೆ ಶುರುಮಾಡಬಹುದು. ಅವರು ಇದ್ದಾಗಲೇ ಶುರುವಾದದ್ದು ನಿಂತಲ್ಲಿಂದ ನಿಮ್ಮ ಮೇಲೆ ಮುಂದುವರಿಯುತ್ತದೆ. ಮರಣ ಪ್ರಮಾಣ ಪತ್ರ ಲಗತ್ತಿಸಿ, ನೀವು ವಾರಸುದಾರರೆಂದು ತಿಳಿಸಿ, ಕೊಟ್ಟ ಗಡುವಿನೊಳಗೆ ಉತ್ತರ ಕಳಿಸಿ.

ಪ್ಯಾನ್ ಕಾರ್ಡ್ ಹಿಂದಿರುಗಿಸಲು ಅವಸರ ಬೇಡ. ರಿಟರ್ನ್ ಪ್ರಕ್ರಿಯೆ ಮುಗಿದು, ರೀಫಂಡ್ ಕೈಸೇರಿ, ಬ್ಯಾಂಕು, ಡಿಮ್ಯಾಟ್, ಪಿಎಫ್, ವಿಮೆ ಎಲ್ಲ ವರ್ಗವಾದ ಮೇಲೆ ತೆರಿಗೆ ಅಧಿಕಾರಿಗೆ ಪತ್ರ ಬರೆದು, ಮರಣ ಪ್ರಮಾಣ ಪತ್ರದೊಡನೆ ಕೊಟ್ಟರಾಯಿತು. ಮೊದಲೇ ರದ್ದು ಮಾಡಿಸಿದರೆ ರಿಟರ್ನ್ ಸಲ್ಲಿಸುವುದಕ್ಕೇ ದಾರಿ ಇರುವುದಿಲ್ಲ.